ಟ್ಯೂನಿಂಗ್ ಯಾರ ಕೈಯಲ್ಲಿ?

ನಮ್ಮೂರು ಅನುಗೊಂಡನಹಳ್ಳಿ ಎಲ್ಲಿದೆ ಅಂತ ಆಫೀಸಿನಲ್ಲಿ ಯಾರಾದರೂ ಕೇಳಿದಾಗ 'ಹೊಸಕೋಟೆ ತಾಲ್ಲೂಕು, ಹೋಬಳಿ ಕೇಂದ್ರ' ಅಂದರೆ ಸುಮ್ಮನೆ ಮುಖ ನೋಡ್ತಾರೆ. 'ವೈಟ್‌ಫೀಲ್ಡ್ ದಾಟಿ ಹೋದ್ರೆ ಪೆಟ್ರೋಲ್ ಟ್ಯಾಂಕರ್‌ಗಳು ಸಾಲಾಗಿ ನಿಂತಿರ್ತಾವಲ್ಲ, ಆ ಕಡೆ' ಅಂದರೆ ಮಾತ್ರ 'ಓ, ಅಲ್ಲಾ!' ಅಂತಾರೆ. ಆ ಟ್ಯಾಂಕರ್‌ಗಳು ನಿಲ್ಲೋದು ನಮ್ಮ ಪಕ್ಕದ ದೇವನಗೊಂದಿಯಲ್ಲಿ. ಮಂಗಳೂರಿನಿಂದ ಹೊರಟು ಹಾಸನದ ಮೇಲೆ ಘಟ್ಟ ಹತ್ತಿ ಬರುವ 360 ಚಿಲ್ಲರೆ ಕಿಲೋಮೀಟರ್ ಉದ್ದದ ಎಣ್ಣೆ ಪೈಪ್‌ಲೈನ್ ಕೊನೆಯಾಗೋದು ಅಲ್ಲಿ. ಬೆಂಗಳೂರಿನ ಟ್ರಾಫಿಕ್ಕಿನಲ್ಲಿ ನೀವು ಸುಡುವ ಪೆಟ್ರೋಲು, ಡೀಸೆಲ್ಲಿನಲ್ಲಿ ಬಹುಪಾಲು ಹೀಗೆ ನಮ್ಮ ರಾಗಿ ಹೊಲ, ನೀಲಗಿರಿ ತೋಪುಗಳ ಪಕ್ಕದಿಂದಲೇ ಬಂದಿರುತ್ತೆ.

ಊರಿನ ಇನ್ನೊಂದು ದಿಕ್ಕಿಗೆ ವೈಟ್‌ಫೀಲ್ಡ್. ಅಲ್ಲಿನ ಎ.ಸಿ. ಕಟ್ಟಡಗಳಲ್ಲಿ ಕೂತ ಸಾವಿರಾರು ಜನರ ಕೆಲಸ, ಇದೇ ಎಣ್ಣೆಯನ್ನು ಎಂಜಿನ್ ಒಂದೊಂದು ಸಲ ಎಷ್ಟು ಮಿಲಿಗ್ರಾಂ ಕುಡಿಯಬೇಕು ಅಂತ ನಿರ್ಧರಿಸೋದು. ಮರ್ಸಿಡಿಸ್-ಬೆಂಜ್ ಬೆಂಗಳೂರಿನಲ್ಲಿ ಸಂಶೋಧನಾ ಕೇಂದ್ರ ತೆರೆದಿದ್ದು 1996ರಲ್ಲಿ. ಆಮೇಲೆ ಬಂದವರು ಲೆಕ್ಕವಿಲ್ಲ. ಅಂಥದ್ದೇ ಒಂದು ಕಂಪನಿಯಲ್ಲಿ ನಾನೂ ಇದ್ದೀನಿ. ಯಾವುದು ಅಂತ ಹೇಳೋ ಹಾಗಿಲ್ಲ, ಕಾಗದಕ್ಕೆ ಸಹಿ ಹಾಕಿ ಕೂತಿದ್ದೀನಿ.

ನಮ್ಮ ಚಿಕ್ಕಪ್ಪನ ಮಗ ಐಟಿಐ ಓದಿದವನು, ಡೀಸೆಲ್ ಮೆಕ್ಯಾನಿಕ್ ಟ್ರೇಡು. ಒಂದೆರಡು ಗ್ಯಾರೇಜಿನಲ್ಲಿ ದುಡಿದು ಈಗ ಸ್ವಂತ ಕಾರ್ ಟ್ಯೂನಿಂಗ್ ಅಂಗಡಿ ಹಾಕಬೇಕು ಅಂತ ಕೂತಿದ್ದಾನೆ. ರಸ್ತೆ ಪಕ್ಕದ ಜಮೀನಿನಲ್ಲಿ 5 ಗುಂಟೆ ಮಾರಿಸೋ ಮಾತು ಮನೇಲಿ ನಡೀತಿದೆ. 'ಅಣ್ಣಾ, ಒಂದು ಲ್ಯಾಪ್‌ಟಾಪು, ಒಂದು ಕೇಬಲ್ಲು, ಒಂದು ಸಾಫ್ಟ್‌ವೇರು. ಅಷ್ಟೇ ಕಣಣ್ಣಾ. ನೀನೂ ಅದನ್ನೇ ತಾನೆ ಮಾಡೋದು? ನಂಗೂ ಹೇಳ್ಕೊಡು' ಅಂದ. ಚಿಕ್ಕಪ್ಪ ನನ್ನನ್ನು ಪಕ್ಕಕ್ಕೆ ಕರೆದು, 'ಇದು ನಿಲ್ಲೋ ಕಸುಬಾ, ಇಲ್ಲಾ ನಾಲ್ಕು ದಿನದ ಹುಚ್ಚಾ? ನೀನೇ ಹೇಳ್ಬೇಕು' ಅಂದರು.

ನಿಲ್ಲೋ ಕಸುಬಾ ಅಂತ ಹೇಳಬೇಕಾದರೆ ಅದು ಇಲ್ಲಿವರೆಗೆ ಎಲ್ಲೆಲ್ಲಿ ನಿಂತಿತ್ತು, ಯಾರ ಕೈಯಿಂದ ಯಾರ ಕೈಗೆ ಹೋಯ್ತು ಅಂತ ನೋಡಬೇಕಲ್ವಾ? ನೋಡ್ತಾ ಹೋದರೆ ಎಂಬತ್ತು ತೊಂಬತ್ತು ವರ್ಷದ ಕತೆಯೇ ಬಿಚ್ಚಿಕೊಂಡಿತು.

ಮೊದಲಿಗೆ ಶಬ್ದದ ವಿಚಾರ. ಇವತ್ತು ಟ್ಯೂನಿಂಗ್ ಅಂದರೆ ನಿಮ್ಮ ಕಣ್ಣ ಮುಂದೆ ಬರೋದು ಪಟಪಟ ಅನ್ನುವ ಸೈಲೆನ್ಸರ್, ಬೆಂಕಿ ಉಗುಳುವ ಕಾರು. ನಮ್ಮ ತಾತನ ಕಾಲದಲ್ಲಿ ಬಾವಿ ಮೇಲೆ ಕೂತ ಆಯಿಲ್ ಎಂಜಿನ್ನಿಗೂ ಟ್ಯೂನಿಂಗ್ ಇತ್ತು. ಟುಕ್ ಟುಕ್ ಸದ್ದಿನ ನಡುವೆ ಒಂದು ಟುಕ್ ತಪ್ಪಿದರೆ ಪಕ್ಕದ ಹೊಲದಲ್ಲಿದ್ದವನಿಗೂ ಗೊತ್ತಾಗ್ತಿತ್ತಂತೆ. ಗಾಳಿ, ಎಣ್ಣೆ, ಬೆಂಕಿ ಹತ್ತುವ ಗಳಿಗೆ, ಈ ಮೂರನ್ನೂ ಒಂದಕ್ಕೊಂದು ಹೊಂದಿಸೋದೇ ಟ್ಯೂನಿಂಗ್. ವೀಣೆ ಶ್ರುತಿ ಮಾಡೋದಕ್ಕೂ ಇಂಗ್ಲಿಷಿನಲ್ಲಿ ಇದೇ ಶಬ್ದ ಅನ್ನೋದು ಕಾಕತಾಳೀಯ ಏನಲ್ಲ. ಮೊದಮೊದಲು ಎರಡಕ್ಕೂ ಉಪಕರಣ ಕಿವಿಯೇ.

ಕಾರಿನ ವಿಷಯಕ್ಕೆ ಬಂದರೆ, ಬೆಂಗಳೂರು ಕಾರು ತಯಾರಿಸುವ ಊರಾಗಬೇಕಿತ್ತು. ಸರ್ ಎಂ. ವಿಶ್ವೇಶ್ವರಯ್ಯನವರು 1935ರಲ್ಲಿ, ತಮ್ಮ ಎಪ್ಪತ್ತೈದರ ಆಸುಪಾಸಿನಲ್ಲಿ, ಯೂರೋಪು ಅಮೆರಿಕ ಸುತ್ತಿ ಕಾರು ಕಾರ್ಖಾನೆಗಳನ್ನು ನೋಡಿ ಬಂದು ಒಂದು ಯೋಜನೆ ಸಿದ್ಧ ಮಾಡಿದರು. ಉದ್ಯಮಿ ವಾಲ್‌ಚಂದ್ ಹೀರಾಚಂದ್ ದುಡ್ಡು ಹೂಡಲು ತಯಾರಿದ್ದರು. ದಿವಾನ್ ಮಿರ್ಜಾ ಇಸ್ಮಾಯಿಲ್ ಅವರ ಮೈಸೂರು ಸರ್ಕಾರ ಬೆನ್ನಿಗಿತ್ತು. ಬ್ರಿಟಿಷ್ ಭಾರತ ಸರ್ಕಾರ ಮಾತ್ರ ಸಹಕಾರ ಕೊಡಲಿಲ್ಲ. ಯುದ್ಧದ ಕಾಲ, ಕಾರು ಯುದ್ಧಕ್ಕೆ ಬೇಕಾದ್ದಲ್ಲ ಅನ್ನೋದು ಅವರ ವಾದ. ಅದೇ ವಾಲ್‌ಚಂದ್, ಅದೇ ಮೈಸೂರು ಸರ್ಕಾರ ಸೇರಿ 1940ರ ಡಿಸೆಂಬರ್‌ನಲ್ಲಿ ಬೆಂಗಳೂರಿನಲ್ಲಿ ಶುರು ಮಾಡಿದ್ದು ವಿಮಾನದ ಕಾರ್ಖಾನೆ. ಇವತ್ತಿನ ಎಚ್‌ಎಎಲ್. ಕಾರಿನ ಆಸೆಯನ್ನು ವಾಲ್‌ಚಂದ್ 1944ರಲ್ಲಿ ಮುಂಬೈಯಲ್ಲಿ ಪ್ರೀಮಿಯರ್ ಆಟೋಮೊಬೈಲ್ಸ್ ಸ್ಥಾಪಿಸಿ ತೀರಿಸಿಕೊಂಡರು.

ಇದರಿಂದ ಒಂದು ವಿಚಿತ್ರ ಆಯ್ತು. ಕಾರು ಮಾಡದ ಬೆಂಗಳೂರಿನಲ್ಲಿ ಕಾರಿಗೆ ಬೇಕಾದ ಕೈಗಳು ತಯಾರಾದವು. ಯುದ್ಧದ ವರ್ಷಗಳಲ್ಲಿ ಎಚ್‌ಎಎಲ್‌ನಲ್ಲಿ ವಿಮಾನದ ಎಂಜಿನ್‌ಗಳನ್ನು ಪೂರ್ತಿ ಬಿಚ್ಚಿ ಸರಿಮಾಡುವ ಕೆಲಸ ನಡೀತಿತ್ತು. ಮಿಲಿಮೀಟರಿನ ನೂರನೇ ಒಂದು ಭಾಗ ಅಂದರೇನು ಅಂತ ಕೈಗೆ ಗೊತ್ತಿರುವ ಒಂದು ತಲೆಮಾರು ಹಾಗೆ ಹುಟ್ಟಿತು. 1953ರಲ್ಲಿ ಎಚ್‌ಎಂಟಿ ಬಂತು, ಲೇತ್‌ಗಳು ಬಂದವು. 1972ರಲ್ಲಿ ಡೆನ್ಮಾರ್ಕ್ ಸರ್ಕಾರದ ನೆರವಿನಿಂದ ಜಿಟಿಟಿಸಿ ಬಂದು ಟೂಲ್ ಅಂಡ್ ಡೈ ಕೆಲಸ ಕಲಿಸಿತು. ಬೆಂಗಳೂರಿನಲ್ಲಿ ಎಂಜಿನ್ ಬೋರ್ ಮಾಡಿಸಬೇಕು, ಹೆಡ್ ಸ್ಕಿಮ್ ಮಾಡಿಸಬೇಕು ಅಂದರೆ ಇವತ್ತಿಗೂ ಒಳ್ಳೆ ಲೇತ್ ಶಾಪ್ ಸಿಗುತ್ತಲ್ಲ, ಅದರ ಬೇರು ಇಲ್ಲಿದೆ.

ಆ ಕೈಗಳಿಗೆ ಸಿಕ್ಕ ಕಾರುಗಳು ಎರಡೇ ಅನ್ನಬಹುದು: ಅಂಬಾಸಿಡರ್ ಮತ್ತು ಫಿಯೆಟ್. ಫಿಯೆಟ್, ಅಂದರೆ ಮುಂದೆ ಪ್ರೀಮಿಯರ್ ಪದ್ಮಿನಿ ಅಂತ ಹೆಸರಾದದ್ದು, ಬರ್ತಿದ್ದದ್ದು ವಾಲ್‌ಚಂದರ ಅದೇ ಮುಂಬೈ ಕಂಪನಿಯಿಂದ. ಇಲ್ಲಿ ಹುಟ್ಟದ ಕಾರು ರಿಪೇರಿಗೆ ಇಲ್ಲಿಗೆ ಬಂತು ಅನ್ನಿ. ಜೆ.ಸಿ. ರಸ್ತೆ, ಕಲಾಸಿಪಾಳ್ಯ, ಶಿವಾಜಿನಗರದ ಗುಜರಿ. ಈ ಜಾಗಗಳಲ್ಲಿ ಒಬ್ಬ ಉಸ್ತಾದ್, ಅವನ ಕೈಕೆಳಗೆ ನಾಲ್ಕು ಹುಡುಗರು. ಮೊದಲ ವರ್ಷ ಸೀಮೆಎಣ್ಣೆಯಲ್ಲಿ ಭಾಗ ತೊಳೆಯೋದು, ಟೀ ತರೋದು, ಸ್ಪಾನರ್ ನಂಬರ್ ಬಾಯಿಪಾಠ. ಎರಡನೇ ವರ್ಷ ಪ್ಲಗ್ ಬಿಚ್ಚೋದು. ಕಾರ್ಬೊರೇಟರ್ ಮುಟ್ಟಲು ಬಿಡ್ತಿದ್ದದ್ದು ಯಾವಾಗಲೋ. ಆಗಿನ ಟ್ಯೂನಿಂಗ್ ಶೋಕಿ ಅಲ್ಲ, ವಾರವಾರದ ಆರೈಕೆ. ಇಗ್ನಿಷನ್ ಪಾಯಿಂಟ್ ಸವೆಯುತ್ತಿತ್ತು, ಅದರ ಸಂದು ಸುಮಾರು 0.4 ಮಿಲಿಮೀಟರ್ ಇರಬೇಕು. ಫೀಲರ್ ಗೇಜ್ ಇಲ್ಲದವನು ಸಿಗರೇಟ್ ಪ್ಯಾಕಿನ ರಟ್ಟು ತೂರಿಸಿ ನೋಡ್ತಿದ್ದ. ಟ್ಯಾಪೆಟ್ ಸದ್ದು ಕೇಳೋಕೆ ಉದ್ದ ಸ್ಕ್ರೂಡ್ರೈವರ್‌ನ ಹಿಡಿ ಕಿವಿಗಿಟ್ಟು ತುದಿಯನ್ನು ಎಂಜಿನ್ನಿಗೆ ಒತ್ತೋದು. ಗಾಳಿ ಎಣ್ಣೆಯ ಪ್ರಮಾಣ ನೋಡೋಕೆ ಪ್ಲಗ್ಗಿನ ಬಣ್ಣ: ಬಿಳಿಚಿಕೊಂಡಿದ್ದರೆ ಎಣ್ಣೆ ಸಾಲದು, ಮಸಿ ಹಿಡಿದಿದ್ದರೆ ಹೆಚ್ಚಾಯ್ತು, ಟೀ ಬಣ್ಣಕ್ಕಿದ್ದರೆ ಸರಿ. ಇದನ್ನು ಅಜ್ಜಿ ಮದ್ದು ಅಂತ ನಗಬೇಡಿ. ಪೆಟ್ರೋಲ್ ಒಂದು ಭಾಗಕ್ಕೆ ಗಾಳಿ ತೂಕದಲ್ಲಿ 14.7 ಭಾಗ ಇದ್ದರೆ ಎರಡೂ ಮಿಗದಂತೆ ಉರಿಯುತ್ತೆ. ಹೆಚ್ಚು ಶಕ್ತಿ ಬೇಕಾದರೆ 12.5ರಿಂದ 13ರ ಸುತ್ತ. ಪ್ಲಗ್ಗಿನ ಬಣ್ಣ ಹೇಳ್ತಿದ್ದದ್ದು ಇದೇ ಲೆಕ್ಕವನ್ನ, ಒರಟಾಗಿ.

ಎಲ್ಲೂ ಬರೆದಿಟ್ಟ ವಿದ್ಯೆ ಅಲ್ಲ ಅದು. ಉಸ್ತಾದನಿಗೆ ಸಿಟ್ಟು ಬಂದರೆ ಹುಡುಗನ ಓದು ನಿಂತುಹೋಗುತ್ತಿತ್ತು. ಆದರೆ ಒಂದು ಅನುಕೂಲ: ಎಂಜಿನ್ನಿನ ಗುಟ್ಟೆಲ್ಲ ಕಣ್ಣೆದುರೇ ಬಿಚ್ಚಿಕೊಂಡಿತ್ತು. ಕದಿಯೋ ಕಣ್ಣಿದ್ದವನು ಕದ್ದು ಕಲಿತ.

ಲಾರಿಯ ಕತೆ ಬೇರೆ, ನನಗೆ ಅದೇ ಹೆಚ್ಚು ಮುಖ್ಯ ಅನ್ನಿಸುತ್ತೆ. 1951ರಲ್ಲಿ ಸ್ಥಾಪನೆಯಾದ ಮೋಟಾರ್ ಇಂಡಸ್ಟ್ರೀಸ್ ಕಂಪನಿ, ನಮ್ಮೆಲ್ಲರ ಬಾಯಲ್ಲಿ 'ಮೈಕೋ', ಆಡುಗೋಡಿಯಲ್ಲಿ ಕಾರ್ಖಾನೆ ತೆರೆಯಿತು. ಜರ್ಮನಿಯ ಬಾಷ್ ಕಂಪನಿಯ ತಂತ್ರಜ್ಞಾನ. ಸ್ಪಾರ್ಕ್ ಪ್ಲಗ್, ಡೀಸೆಲ್ ಪಂಪು, ನಾಝಲ್. 2008ರಲ್ಲಿ ಹೆಸರೂ ಬಾಷ್ ಅಂತಲೇ ಆಯ್ತು. ಬಸ್ ಸ್ಟಾಪಿನ ಹೆಸರಲ್ಲಿ ಮಾತ್ರ ಮೈಕೋ ಉಳಿದಿದೆ. ಡೀಸೆಲ್ ಎಂಜಿನ್ನಿಗೆ ಪಂಪೇ ಮೆದುಳು. ಒಂದೊಂದು ಸಿಲಿಂಡರಿಗೆ ಯಾವ ಗಳಿಗೆಯಲ್ಲಿ ಎಷ್ಟು ಎಣ್ಣೆ ಅನ್ನೋದನ್ನು ಅದೇ ಅಳೆದು ಕೊಡುತ್ತೆ. ಅದನ್ನು ಸರಿಹೊಂದಿಸೋಕೆ ಕಿವಿ ಸಾಲದು, ಟೆಸ್ಟ್ ಬೆಂಚ್ ಬೇಕು. ಪಂಪನ್ನು ಬೆಂಚಿಗೆ ಕಟ್ಟಿ ತಿರುಗಿಸಿ, ಗಾಜಿನ ಕೊಳವೆಗಳಲ್ಲಿ ಬಿದ್ದ ಎಣ್ಣೆಯ ಮಟ್ಟ ನೋಡಿ, ಎಲ್ಲ ಕೊಳವೆಯಲ್ಲೂ ಸಮ ಬರುವ ಹಾಗೆ ಮಾಡೋದು. ಹೆದ್ದಾರಿ ಊರುಗಳಲ್ಲೆಲ್ಲ ಹಾಗೆ 'ಪಂಪ್-ನಾಝಲ್' ಅಂಗಡಿಗಳು ಹುಟ್ಟಿಕೊಂಡವು. ಆ ಅಂಗಡಿಗಳಲ್ಲಿ ಧೂಳು ಬರಬಾರದು ಅಂತ ಗಾಜಿನ ಬಾಗಿಲು ಇರ್ತಿತ್ತು. ಪಕ್ಕದ ಪಂಕ್ಚರ್ ಅಂಗಡಿಯವನು ಅದನ್ನು 'ಆಪರೇಷನ್ ಥಿಯೇಟರ್' ಅಂತಿದ್ದ.

ಕಿವಿಯಿಂದ ಅಳತೆಗೆ ಮೊದಲ ಹೆಜ್ಜೆ ಇಟ್ಟವರು ಈ ಪಂಪ್ ಅಂಗಡಿಯವರು. ಕಂಪನಿಗೂ ಟ್ಯೂನರ್‌ಗೂ ಮೊದಲ ಜಗಳ ಹುಟ್ಟಿದ್ದೂ ಇಲ್ಲಿಯೇ. ಪಂಪಿನಲ್ಲಿ ಅತಿ ಹೆಚ್ಚು ಎಷ್ಟು ಎಣ್ಣೆ ಬಿಡಬಹುದು ಅಂತ ಮಿತಿ ಹಾಕುವ ಒಂದು ಸ್ಕ್ರೂ ಇರುತ್ತೆ. ಅದಕ್ಕೆ ತಂತಿ ಸುತ್ತಿ ಸೀಸದ ಸೀಲ್ ಒತ್ತಿರ್ತಾರೆ. ಘಟ್ಟ ಹತ್ತುವಾಗ ಲೋಡ್ ಎಳೀತಿಲ್ಲ ಅಂತ ಡ್ರೈವರ್ ಗೋಗರೆದರೆ, ಸೀಲ್ ಒಡೆದು ಸ್ಕ್ರೂ ಅರ್ಧ ಸುತ್ತು ತಿರುಗಿಸಿಕೊಡೋರೂ ಇದ್ದರು. ಪಿಕಪ್ ಬಂತು, ಜೊತೆಗೆ ಕಪ್ಪು ಹೊಗೆಯೂ ಬಂತು. ಪಿಸ್ಟನ್ ತಲೆ ಸುಟ್ಟುಕೊಂಡಾಗ ಸೀಲ್ ಒಡೆದವನು ನೆನಪಾಗ್ತಿದ್ದ. ಇವತ್ತು ಲ್ಯಾಪ್‌ಟಾಪಿನಲ್ಲಿ 'ಸ್ಟೇಜ್ ಒನ್' ಅಂತ ಮಾರುವ ಸರಕು ಹೆಚ್ಚೂಕಮ್ಮಿ ಇದೇ ಅರ್ಧ ಸುತ್ತು.

ಇನ್ನು ಟೂ-ಸ್ಟ್ರೋಕ್. ಇದಕ್ಕೆ ಸ್ವಲ್ಪ ಜಾಸ್ತಿ ಜಾಗ ಕೊಡ್ತೀನಿ, ಯಾಕಂದರೆ ಕರ್ನಾಟಕದ ಹುಡುಗರು ಟ್ಯೂನಿಂಗ್ ಅನ್ನೋದನ್ನು ಆಸೆಯಾಗಿ, ಹಟವಾಗಿ ಕಲಿತದ್ದು ಇದರ ಮೇಲೆ. 1961ರಲ್ಲಿ ಮೈಸೂರಿನ ಯಾದವಗಿರಿಯಲ್ಲಿ ಐಡಿಯಲ್ ಜಾವಾ ಕಾರ್ಖಾನೆ ಶುರುವಾಯ್ತು. ಚೆಕೊಸ್ಲೊವಾಕಿಯಾದ ಬೈಕು, ಮೈಸೂರಿನ ಕೈ. 1973ರಿಂದ ಯೆಜ್ಡಿ ಅನ್ನುವ ಹೆಸರು. ಟೂ-ಸ್ಟ್ರೋಕ್ ಎಂಜಿನ್ನಿನಲ್ಲಿ ವಾಲ್ವ್ ಇರಲ್ಲ, ಸಿಲಿಂಡರಿನ ಗೋಡೆಯಲ್ಲಿ ಕಿಂಡಿಗಳಿರ್ತವೆ. ಪಿಸ್ಟನ್ ಮೇಲೆ ಕೆಳಗೆ ಆಡ್ತಾ ಅವನ್ನು ಮುಚ್ಚಿ ತೆರೆಯುತ್ತೆ. ಅಂದರೆ ಒಂದು ಅರ ಹಿಡಿದು ಕಿಂಡಿಯ ಅಂಚನ್ನು ಉಜ್ಜಿದರೆ ಎಂಜಿನ್ನಿನ ಸ್ವಭಾವವೇ ಬದಲಾಗುತ್ತೆ. ಯಮಹಾ ಆರ್‌ಎಕ್ಸ್ 100 ತಗೊಳ್ಳಿ, 1985ರಲ್ಲಿ ಬಂದದ್ದು. ಪಿಸ್ಟನ್ನಿನ ಓಟ 50 ಮಿಲಿಮೀಟರ್. ಹೊಗೆ ಹೋಗುವ ಕಿಂಡಿಯ ಮೇಲಂಚನ್ನು 1 ಮಿಲಿಮೀಟರ್ ಎತ್ತರಿಸಿದರೆ ಅದು ತೆರೆದಿರುವ ಅವಧಿ ಕ್ರ್ಯಾಂಕಿನ ಲೆಕ್ಕದಲ್ಲಿ 4ರಿಂದ 5 ಡಿಗ್ರಿ ಹೆಚ್ಚುತ್ತೆ. ಮೇಲಿನ ಸ್ಪೀಡಿನಲ್ಲಿ ಗಾಡಿ ಕಿತ್ಕೊಂಡು ಹೋಗುತ್ತೆ, ಊರೊಳಗೆ ನಿಧಾನಕ್ಕೆ ಹೋಗುವಾಗ ಸತ್ತ ಹಾಗೆ ಎಳೆಯುತ್ತೆ. ಒಮ್ಮೆ ಉಜ್ಜಿದ ಲೋಹ ವಾಪಸ್ ಬರಲ್ಲ. ಹಳ್ಳಿ ಗ್ಯಾರೇಜುಗಳ ಹಿಂದೆ ಹೀಗೆ ಹಾಳಾದ ಸಿಲಿಂಡರ್ ಬ್ಲಾಕ್‌ಗಳ ರಾಶಿಯೇ ಇರ್ತಿತ್ತು. ಆ ಕಾಲದ ಪಠ್ಯಪುಸ್ತಕ ಅಂದರೆ ಅದೇ ರಾಶಿ.

ಸೈಲೆನ್ಸರಿನ ಆಕಾರ ಮಾತ್ರ ಅರದಿಂದ ಬಂದದ್ದಲ್ಲ. ಪೂರ್ವ ಜರ್ಮನಿಯ ಎಂಜ಼ಡ್ ಕಂಪನಿಯಲ್ಲಿ ವಾಲ್ಟರ್ ಕಾಡೆನ್ ಅನ್ನುವ ಎಂಜಿನಿಯರ್ ಇದ್ದ. ಸಿಲಿಂಡರಿನಿಂದ ಹೊರಬಿದ್ದ ಒತ್ತಡದ ಅಲೆ ಸೈಲೆನ್ಸರಿನೊಳಗೆ ಬಡಿದು ವಾಪಸ್ ಬರುತ್ತೆ. ಸರಿಯಾದ ಗಳಿಗೆಗೆ ಬಂದರೆ, ತಪ್ಪಿಸಿಕೊಂಡು ಹೋಗ್ತಿರುವ ಹೊಸ ಪೆಟ್ರೋಲ್-ಗಾಳಿಯನ್ನು ಅದೇ ಅಲೆ ಒಳಗೆ ತಳ್ಳುತ್ತೆ. ಈ ತತ್ವವನ್ನು ಅವನು ಪಳಗಿಸಿದ. 1961ರ ಹೊತ್ತಿಗೆ ಅವನ 125 ಸಿಸಿ ಎಂಜಿನ್ 25 ಅಶ್ವಶಕ್ತಿ ಕೊಡ್ತಿತ್ತು. ನಮ್ಮ 98 ಸಿಸಿಯ ಆರ್‌ಎಕ್ಸ್ 100ಕ್ಕೆ ಇಪ್ಪತ್ತೈದು ವರ್ಷದ ನಂತರವೂ 11. ಅದೇ 1961ರ ಸೆಪ್ಟೆಂಬರಿನಲ್ಲಿ ಸ್ವೀಡನ್ನಿನ ರೇಸಿಗೆ ಹೋದ ಎಂಜ಼ಡ್‌ನ ಸವಾರ ಅರ್ನ್‌ಸ್ಟ್ ಡೆಗ್ನರ್ ವಾಪಸ್ ಹೋಗಲೇ ಇಲ್ಲ. ಪಶ್ಚಿಮಕ್ಕೆ ಓಡಿಹೋಗಿ ಜಪಾನಿನ ಸುಜುಕಿ ಸೇರಿದ, ಕಾಡೆನ್‌ನ ಗುಟ್ಟುಗಳ ಸಮೇತ. ಮರುವರ್ಷ ಸುಜುಕಿಗೆ 50 ಸಿಸಿ ವಿಭಾಗದಲ್ಲಿ ವಿಶ್ವ ಪ್ರಶಸ್ತಿ, ಸವಾರ ಡೆಗ್ನರನೇ. ಟೂ-ಸ್ಟ್ರೋಕ್‌ನಲ್ಲಿ ಜಪಾನ್ ಮುಂದೆ ಬಂದದ್ದರ ಹಿಂದೆ ಈ ಕಳ್ಳತನ ಇದೆ. ಟಿವಿಎಸ್ ಜೊತೆ ಸೇರಿ ಸುಜುಕಿ ಹೊಸೂರಿಗೆ ಬಂದದ್ದು ಎಂಬತ್ತರ ದಶಕದಲ್ಲಿ. ಉಸ್ತಾದನ ಹತ್ತಿರ ಹುಡುಗ ಕದ್ದು ಕಲಿಯೋದನ್ನು ಮೇಲೆ ಹೇಳಿದೆನಲ್ಲ, ವಿಶ್ವ ಚಾಂಪಿಯನ್ನರೂ ಬೇರೆ ದಾರಿ ಹಿಡಿದಿರಲಿಲ್ಲ.

ಅಳೆಯೋ ಶಿಸ್ತನ್ನು ಹುಡುಗರಿಗೆ ಕಲಿಸಿದ್ದು ರೇಸು. ಮದ್ರಾಸಿನ ಹತ್ತಿರದ ಶೋಲಾವರಂನಲ್ಲಿ ಎರಡನೇ ಮಹಾಯುದ್ಧದ ಕಾಲದ ವಿಮಾನ ಪಟ್ಟಿ ಇತ್ತು. ಮದ್ರಾಸ್ ಮೋಟಾರ್ ಸ್ಪೋರ್ಟ್ಸ್ ಕ್ಲಬ್ ಅಲ್ಲಿ ರೇಸ್ ನಡೆಸ್ತಿತ್ತು. 1990ರಲ್ಲಿ ಇರುಂಗಾಟ್ಟುಕೋಟೈಯಲ್ಲಿ ಸರಿಯಾದ ಟ್ರ್ಯಾಕ್ ಬರುವವರೆಗೂ ದಕ್ಷಿಣದ ಹುಡುಗರಿಗೆ ಶೋಲಾವರಂ ಅಂದರೆ ತಿರುಪತಿ. ಹಳೇ ಮದ್ರಾಸ್ ರಸ್ತೆ ಹಾದುಹೋಗೋದು ನಮ್ಮ ಹೊಸಕೋಟೆ ಮೇಲೇನೇ. ಇಲ್ಲಿ ನಮ್ಮಲ್ಲಿ ಕರ್ನಾಟಕ ಮೋಟಾರ್ ಸ್ಪೋರ್ಟ್ಸ್ ಕ್ಲಬ್ ನಡೆಸುವ ಕೆ-1000 ರ್‍ಯಾಲಿ. ಗ್ಯಾರೇಜಿನಲ್ಲಿ 'ಪಿಕಪ್ ಸೂಪರ್ ಆಗಿದೆ ಗುರು' ಅಂದರೆ ನಡೆಯುತ್ತೆ. ಟ್ರ್ಯಾಕಿನಲ್ಲಿ ಸ್ಟಾಪ್‌ವಾಚ್ ಒಂದು ಮಾತಾಡುತ್ತೆ, ಅದರ ಎದುರು ಯಾರ ಕಿವಿಯೂ ನಡೆಯಲ್ಲ. ಜೆಟ್ ನಂಬರ್ ಬರೆದಿಡೋದು, ಒಂದು ಸಲಕ್ಕೆ ಒಂದೇ ಬದಲಾವಣೆ ಮಾಡೋದು, ಈ ಅಭ್ಯಾಸ ಬಂದದ್ದು ಅಲ್ಲಿಂದ.

1996ರಲ್ಲಿ ಮೈಸೂರಿನ ಕಾರ್ಖಾನೆ ಮುಚ್ಚಿತು. ಯೆಜ್ಡಿ ಮಾತ್ರ ಸಾಯಲಿಲ್ಲ. ಕಂಪನಿ ಇಲ್ಲ, ಷೋರೂಂ ಇಲ್ಲ, ಆದರೂ ಎರಡು ದಶಕ ಕಾಲ ಆ ಗಾಡಿಗಳನ್ನು ಓಡಿಸಿದವರು ಮೆಕ್ಯಾನಿಕ್‌ಗಳು. 2018ರಲ್ಲಿ ಜಾವಾ ಹೆಸರು ಹೊಸ ಕಂಪನಿಯ ಕೈಯಲ್ಲಿ ಮರಳಿ ಬಂದಾಗ ಅದನ್ನು ನೆನಪಿಟ್ಟ ಗಿರಾಕಿಗಳು ಇನ್ನೂ ಇದ್ದರಲ್ಲ, ಅದಕ್ಕೆ ಕಾರಣ ಜಾಹೀರಾತಲ್ಲ, ಗ್ಯಾರೇಜು. ಕಸುಬು ಕಂಪನಿಗಿಂತ ಹೆಚ್ಚು ಕಾಲ ಬಾಳಿತು. ಬಾಳಿದ್ದು ಯಾಕೆ ಅಂದರೆ, ಗುಟ್ಟು ಲೋಹದಲ್ಲಿತ್ತು. ಲೋಹವನ್ನು ಬಿಚ್ಚಬಹುದು, ಅಳೆಯಬಹುದು, ಲೇತ್‌ನಲ್ಲಿ ಮತ್ತೆ ಮಾಡಬಹುದು.

ಆಮೇಲೆ ಗುಟ್ಟು ಲೋಹದಿಂದ ಎದ್ದು ಡಬ್ಬಿಯೊಳಗೆ ಹೋಯ್ತು.

ಹೋಗಿದ್ದು ಹೊಗೆಯ ಕಾರಣದಿಂದ. 2000ನೇ ಇಸವಿಯಲ್ಲಿ ದೇಶಾದ್ಯಂತ ಸೀಸ ಬೆರೆಸಿದ ಪೆಟ್ರೋಲ್ ನಿಂತಿತು, ಹೊಗೆಯ ನಿಯಮಗಳು ಬಂದವು. 2005ರಲ್ಲಿ ಬೆಂಗಳೂರಿನಂಥ ದೊಡ್ಡ ನಗರಗಳಿಗೆ ಭಾರತ್ ಸ್ಟೇಜ್ 3, 2010ರಲ್ಲಿ ಸ್ಟೇಜ್ 4, 2020ರ ಏಪ್ರಿಲ್ 1ರಿಂದ ಇಡೀ ದೇಶಕ್ಕೆ ಸ್ಟೇಜ್ 6. ಸೈಲೆನ್ಸರಿನಲ್ಲಿ ಕೂತ ಕ್ಯಾಟಲಿಟಿಕ್ ಕನ್ವರ್ಟರ್ ಕೆಲಸ ಮಾಡಬೇಕಾದರೆ ಗಾಳಿ-ಪೆಟ್ರೋಲ್ ಪ್ರಮಾಣ 14.7ರ ಆಚೀಚೆ ಕದಲಬಾರದು. ಕಾರ್ಬೊರೇಟರಿಗೆ ಅಷ್ಟು ನಿಖರತೆ ಆಗದ ಮಾತು. ಹಾಗಾಗಿ ಇಸಿಯು ಬಂತು. ಎಂಜಿನ್ 6000 ಸುತ್ತಿನಲ್ಲಿದ್ದಾಗ ಒಂದು ಸುತ್ತಿಗೆ ಹಿಡಿಯೋದು ಒಂದು ಸೆಕೆಂಡಿನ ನೂರನೇ ಒಂದು ಭಾಗ. ಅಷ್ಟರೊಳಗೆ ಆ ಡಬ್ಬಿ ಸೆನ್ಸರ್‌ಗಳನ್ನು ಓದಿ, ಕೋಷ್ಟಕ ನೋಡಿ, ಎಷ್ಟು ಪೆಟ್ರೋಲ್, ಯಾವಾಗ ಕಿಡಿ ಅಂತ ಹೇಳಬೇಕು. ಆ ಕೋಷ್ಟಕಕ್ಕೇ ಮ್ಯಾಪ್ ಅನ್ನೋದು: ಒಂದು ಕಡೆ ಎಂಜಿನ್ ವೇಗ, ಇನ್ನೊಂದು ಕಡೆ ಲೋಡು, ನಡುವಿನ ಪ್ರತಿ ಮನೆಯಲ್ಲೂ ಒಂದು ಅಂಕಿ. ಇಂಥ ಕೋಷ್ಟಕಗಳು ಒಂದೆರಡಲ್ಲ. ಒಂದು ಕಾರಿನ ಇಸಿಯುವಿನಲ್ಲಿ ತುಂಬಬೇಕಾದ ಅಂಕಿಗಳು ಹತ್ತಾರು ಸಾವಿರ. ಲಡಾಖ್‌ನ ಚಳಿ, ರಾಜಸ್ಥಾನದ ಬಿಸಿಲು, ಕಲಬೆರಕೆ ಪೆಟ್ರೋಲು, ಸರ್ವಿಸ್ ಮಾಡಿಸದ ಮಾಲೀಕ, ಎಲ್ಲವನ್ನೂ ಮನಸ್ಸಲ್ಲಿಟ್ಟು ಅವನ್ನು ತುಂಬೋದು ನನ್ನಂಥವರ ನಿತ್ಯದ ಕೆಲಸ. ಉಸ್ತಾದ್ ಈಗ ಗುರುತಿನ ಚೀಟಿ ಕೊರಳಿಗೆ ಹಾಕ್ಕೊಂಡು ಕ್ಯಾಬ್‌ನಲ್ಲಿ ಓಡಾಡ್ತಾನೆ ಅನ್ನಿ.

ರೀಮ್ಯಾಪ್ ಅಂದರೆ ಆ ಅಂಕಿಗಳನ್ನು ಓದಿ ತಿದ್ದಿ ವಾಪಸ್ ಬರೆಯೋದು. ನಾವು ಎಲ್ಲದಕ್ಕೂ ಸ್ವಲ್ಪ ಉಳಿಸಿ ಇಟ್ಟಿರ್ತೀವಲ್ಲ, ಆ ಉಳಿತಾಯವನ್ನು ಖರ್ಚು ಮಾಡೋದು. ಟರ್ಬೊ ಇರುವ ಡೀಸೆಲ್ ಕಾರುಗಳಲ್ಲಿ ಖರ್ಚು ಮಾಡೋಕೆ ಜಾಗ ಹೆಚ್ಚು. ಫಿಯೆಟ್‌ನ 1.3 ಲೀಟರ್ ಡೀಸೆಲ್ ಎಂಜಿನ್ ನಮ್ಮಲ್ಲಿ ಸ್ವಿಫ್ಟ್‌ನಿಂದ ಹಿಡಿದು ಎಷ್ಟೋ ಕಾರುಗಳಲ್ಲಿ ಕೂತಿತ್ತು, ಕೆಲವದರಲ್ಲಿ 75 ಅಶ್ವಶಕ್ತಿ, ಕೆಲವದರಲ್ಲಿ 90. ಇದನ್ನು ನೋಡಿ ನಮ್ಮ ಹುಡುಗ, 'ನೋಡಣ್ಣಾ, ಒಂದೇ ಎಂಜಿನ್ನು, ಬರೀ ಸಾಫ್ಟ್‌ವೇರ್ ವ್ಯತ್ಯಾಸ!' ಅಂದ. ಬರೀ ಸಾಫ್ಟ್‌ವೇರ್ ಅಲ್ಲ ಮಾರಾಯ, 90ರದ್ದಕ್ಕೆ ಟರ್ಬೊನೇ ಬೇರೆ ಥರದ್ದು, ರೆಕ್ಕೆಗಳ ಕೋನ ಬದಲಾಗುವಂಥದ್ದು. ಕೋಷ್ಟಕ ನೋಡೋಕೆ ಬಂದು ಲೋಹ ನೋಡೋಕೆ ಬರದವನು ಇಲ್ಲಿ ಜಾರುತ್ತಾನೆ. ಕ್ಲಚ್ಚು, ಗೇರ್‌ಬಾಕ್ಸು ತಡೆಯುತ್ತಾ, ಹೊಗೆಯ ಬಿಸಿ ಎಷ್ಟಕ್ಕೆ ಏರುತ್ತೆ, ಇದು ಯಾವ ಕೇಬಲ್ಲಿನಲ್ಲೂ ಬರಲ್ಲ.

ಅಂಕಿ ತಿದ್ದುವ ಪಾಪ ಬರೀ ಬೀದಿ ಅಂಗಡಿಯವರದ್ದು ಅಂತಲೂ ಅನ್ಕೋಬೇಡಿ. 2015ರ ಸೆಪ್ಟೆಂಬರಿನಲ್ಲಿ ಫೋಕ್ಸ್‌ವ್ಯಾಗನ್ ಸಿಕ್ಕಿಬಿತ್ತು. ಅವರ ಡೀಸೆಲ್ ಕಾರುಗಳ ಇಸಿಯು, 'ಈಗ ನನ್ನನ್ನು ಪರೀಕ್ಷೆ ಮಾಡ್ತಿದ್ದಾರೆ' ಅಂತ ಗುರುತು ಹಿಡಿದು ಆ ಹೊತ್ತಿಗೆ ಮಾತ್ರ ಕಡಿಮೆ ಹೊಗೆ ಬಿಡ್ತಿತ್ತು. ಭಾರತದಲ್ಲೂ 3.23 ಲಕ್ಷ ಕಾರುಗಳನ್ನು ವಾಪಸ್ ಕರೆಸಬೇಕಾಯ್ತು. ಸೀಸದ ಸೀಲ್ ಒಡೆದವನನ್ನು ಕಳ್ಳ ಅಂದ್ವಿ. ಸೀಲ್ ಹಾಕಿದವನೇ ಕಳ್ಳನಾದ್ರೆ ಏನನ್ನೋಣ?

ಕಾನೂನು ಮಾತ್ರ ಗೊಂದಲ ಇಟ್ಟುಕೊಂಡಿಲ್ಲ. ಮೋಟಾರು ವಾಹನ ಕಾಯ್ದೆ 1988ರ 52ನೇ ಕಲಮು, ತಯಾರಕರು ಕೊಟ್ಟ ಮೂಲ ವಿವರಗಳಿಗೆ ಹೊಂದದ ಹಾಗೆ ಗಾಡಿಯನ್ನು ಬದಲಾಯಿಸುವಂತಿಲ್ಲ ಅನ್ನುತ್ತೆ. ಕೇರಳದಿಂದ ಹೋದ ಒಂದು ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 2019ರ ಜನವರಿಯಲ್ಲಿ ಇದನ್ನೇ ಗಟ್ಟಿ ಮಾಡಿತು. ಅದೇ ವರ್ಷ ಬಂದ ತಿದ್ದುಪಡಿಯಲ್ಲಿ ಶಿಕ್ಷೆ: ಆರು ತಿಂಗಳವರೆಗೆ ಜೈಲು, ಅಥವಾ ಒಂದೊಂದು ಬದಲಾವಣೆಗೆ 5,000 ರೂಪಾಯಿ ದಂಡ, ಅಥವಾ ಎರಡೂ. ಈ ಕಲಮಿನಲ್ಲಿ ಶಿಕ್ಷೆ ಗಾಡಿಯ ಮಾಲೀಕನಿಗೆ. ಅಂದರೆ ನಮ್ಮ ಹುಡುಗ ಅಂಗಡಿ ಇಟ್ಟು ಮಾಡಿದ ಕೆಲಸಕ್ಕೆ ಸಿಕ್ಕಿಬೀಳೋನು ಅವನ ಗಿರಾಕಿ. ಮೇಲೆ ವಾರಂಟಿ ಹೋಗುತ್ತೆ, ಅಪಘಾತವಾದರೆ ವಿಮೆಯವನು ತಕರಾರು ತೆಗೀತಾನೆ. ಗಿರಾಕಿಯನ್ನೇ ಅಪಾಯಕ್ಕೆ ತಳ್ಳುವ ವ್ಯಾಪಾರಕ್ಕೆ 5 ಗುಂಟೆ ಮಾರಬೇಕಾ? ಚಿಕ್ಕಪ್ಪ ಕೇಳಿದ ಪ್ರಶ್ನೆಯ ತಿರುಳು ಇಷ್ಟೇ.

ನಾನು ಹೇಳಿದ್ದು ಮಾರಬೇಡಿ ಅಂತ. ಕಸುಬು ಬಿಡಬೇಡ ಅಂತಲೂ ಹೇಳಿದೆ. ಲ್ಯಾಪ್‌ಟಾಪು, ಕೇಬಲ್ಲು ಯಾರಿಗಾದರೂ ಸಿಗುತ್ತೆ. ಬೇರೆಯವರು ಮಾಡಿದ ಮ್ಯಾಪ್ ಫೈಲನ್ನು ದುಡ್ಡು ಕೊಟ್ಟು ತರಿಸಿ ತುಂಬೋದಕ್ಕೆ ಟ್ಯೂನರ್ ಅನ್ನೋ ಹೆಸರು ದಂಡ, ಅವನು ಕೊರಿಯರ್. ಪಾಯಿಂಟ್ ಉಜ್ಜೋ ವಿದ್ಯೆ ಹೋಯ್ತು, ಕಿಂಡಿ ಉಜ್ಜೋ ವಿದ್ಯೆ ಹೋಗ್ತಾ ಇದೆ, ನಾಳೆ ಬ್ಯಾಟರಿ ಕಾರು ಬಂದರೆ ಮ್ಯಾಪ್ ತಿದ್ದೋದೂ ಹೋಗಬಹುದು. ಪಂಪ್ ಅಂಗಡಿಯವನು ಮಾತ್ರ ಇವತ್ತಿಗೂ ಇದ್ದಾನೆ, ನೋಡಿ. ಹಳೇ ಬೆಂಚು ಹೋಗಿ ಕಾಮನ್-ರೈಲ್ ಇಂಜೆಕ್ಟರ್ ಬೆಂಚು ಬಂದಿದೆ, ಗಾಜಿನ ಬಾಗಿಲು ಹಾಗೇ ಇದೆ. ಅವನು ಮಾರ್ತಿದ್ದದ್ದು ಪಿಕಪ್ ಅಲ್ಲ, ಅಳತೆ. ಟ್ಯೂನಿಂಗ್‌ಗೆ ಅಂತ ಬರುವ ಕಾರುಗಳಲ್ಲಿ ಎಷ್ಟೋ ಕಾರಿಗೆ ಬೇಕಾಗಿರೋದು ಟ್ಯೂನಿಂಗೇ ಅಲ್ಲ. ಕಂಪ್ರೆಷನ್ ಬಿದ್ದಿರುತ್ತೆ, ಇಂಜೆಕ್ಟರ್ ಸೋರ್ತಿರುತ್ತೆ, ಟರ್ಬೊ ಪೈಪಿನಲ್ಲಿ ಗಾಳಿ ತಪ್ಪಿಸಿಕೊಳ್ತಿರುತ್ತೆ. ಅದನ್ನು ಹುಡುಕಿ ಸರಿಮಾಡಿದರೆ ಕಂಪನಿ ಕೊಟ್ಟ ಅಶ್ವಶಕ್ತಿ ವಾಪಸ್ ಬರುತ್ತೆ, ಕಾನೂನಿನ ತಂಟೆಯೂ ಇಲ್ಲ. ಟ್ರ್ಯಾಕಿನಲ್ಲಿ ಮಾತ್ರ ಓಡುವ ರೇಸ್ ಗಾಡಿಗಳ ಕೆಲಸ ಬೇರೆ, ಅದಕ್ಕೆ ಡೈನಮೋಮೀಟರ್ ಬೇಕು. ಅದೊಂದೇ 5 ಗುಂಟೆಯ ಒಳ್ಳೇ ಪಾಲನ್ನು ನುಂಗುತ್ತೆ. ಆಮೇಲೆ ನೋಡೋಣ.

ಇದರ ಮಧ್ಯೆ ಹೊಸದೊಂದು ಕೆಲಸ ನಮ್ಮ ಬಾಗಿಲಿಗೇ ಬಂದಿದೆ. 2023ರಿಂದ ಪೆಟ್ರೋಲಿಗೆ ನೂರಕ್ಕೆ 20 ಭಾಗ ಎಥನಾಲ್ ಬೆರೆಸಿ ಮಾರೋದು ಶುರುವಾಗಿ ಈಗ ಎಲ್ಲ ಕಡೆ ಅದೇ ಸಿಗ್ತಿದೆ. ಬೆರೆಸೋದು ದೇವನಗೊಂದಿಯಲ್ಲಿರುವಂಥ ಡಿಪೋಗಳಲ್ಲಿ. ಎಥನಾಲ್ ಒಂದು ಭಾಗ ಉರಿಯೋಕೆ ಗಾಳಿ 9 ಭಾಗ ಸಾಕು. ಹಾಗಾಗಿ ಬೆರಕೆ ಪೆಟ್ರೋಲಿನ ಲೆಕ್ಕ 14.7ರಿಂದ ಸುಮಾರು 13.5ಕ್ಕೆ ಇಳಿಯುತ್ತೆ. ಇಸಿಯು ಇರುವ ಕಾರು ಆಕ್ಸಿಜನ್ ಸೆನ್ಸರ್ ನೋಡಿಕೊಂಡು ತಾನೇ ಹೊಂದಿಕೊಳ್ಳುತ್ತೆ, ಒಂದು ಮಿತಿಯವರೆಗೆ. ಹಳೇ ಕಾರ್ಬೊರೇಟರ್ ಗಾಡಿಗೆ ಇದು ಗೊತ್ತಾಗೋದೇ ಇಲ್ಲ. ಅದು 14.7ರ ಜೆಟ್ಟಿನಲ್ಲೇ ಎಣ್ಣೆ ಕೊಡ್ತಾ ಎಂಜಿನ್ನನ್ನು ಒಳಗೊಳಗೇ ಹಸಿವಿನಲ್ಲಿಡುತ್ತೆ. ರಬ್ಬರ್ ಪೈಪುಗಳು ಎಥನಾಲಿಗೆ ಹಾಳಾಗೋದು ಬೇರೆ.

ಹುಡುಗ ಈಗ ಹೊಸಕೋಟೆಯ ಒಂದು ಇಂಜೆಕ್ಟರ್ ಅಂಗಡಿಯಲ್ಲಿ ಕಡಿಮೆ ಸಂಬಳಕ್ಕೆ ಸೇರಿಕೊಂಡಿದ್ದಾನೆ. ಸಂಜೆ ಹೊತ್ತು ಚಿಕ್ಕಪ್ಪನ ಹಳೇ ಕಾರ್ಬೊರೇಟರ್ ಮಾರುತಿ 800ರ ಸೈಲೆನ್ಸರಿಗೆ ಆಕ್ಸಿಜನ್ ಸೆನ್ಸರ್ ಕೂರಿಸಿ, ಪ್ರತಿ ಓಟದ ಅಂಕಿಯನ್ನೂ ನೋಟ್‌ಬುಕ್ಕಿನಲ್ಲಿ ಬರೀತಾನೆ. ಹೋದ ವಾರ ಮೇನ್ ಜೆಟ್ ಒಂದು ಸೈಜ್ ದೊಡ್ಡದು ಹಾಕಿ ದೇವನಗೊಂದಿ ರಸ್ತೆಯಲ್ಲಿ ಟ್ಯಾಂಕರ್‌ಗಳ ಪಕ್ಕದಲ್ಲೇ ಹೋಗಿ ಬಂದ. ಮೀಟರ್ ಸರಿ ಅಂದಿತು. ಆದರೂ ಚಿಕ್ಕಪ್ಪ ಪ್ಲಗ್ ಬಿಚ್ಚಿಸಿ ಬಣ್ಣ ನೋಡಿದರು.